ಪ್ರಸ್ತಾರ ಹಾಕಲು ಬಾರದ ಮೇಷ್ಟ್ರು

'ತೀರ್ಥಹಳ್ಳಿ' ಪದಕ್ಕೆ ಪ್ರಸ್ತಾರ ಹಾಕಿ. ತೀ ಗುರು, ರ್ಥ ಲಘು, ಮುಂದೆ ಒತ್ತಕ್ಷರ ಇರುವುದರಿಂದ ಹ ಗುರು, ಳ್ಳಿ ಲಘು. ಲಘುವಿಗೆ 1, ಗುರುವಿಗೆ 2ರಂತೆ ಒಟ್ಟು 6 ಮಾತ್ರೆ. ಹೈಸ್ಕೂಲಿನ ಹುಡುಗಿ ಬೆರಳು ಮಡಚುತ್ತ ಹೇಳಿಬಿಡುತ್ತಾಳೆ. ಈಗ ಮೊಬೈಲಿನ ಎಐಗೆ ಒಂದು ಇಡೀ ಭಾಮಿನಿ ಷಟ್ಪದಿ ಕೊಟ್ಟು ಇದೇ ಕೆಲಸ ಹೇಳಿ ನೋಡಿ. ಹೆಸರು ಸರಿಯಾಗಿಯೇ ಹೇಳುತ್ತದೆ. 1, 2, 4, 5ನೇ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ರಲ್ಲಿ 23 ಎನ್ನುವ ಲಕ್ಷಣವನ್ನೂ ಒಪ್ಪಿಸುತ್ತದೆ. ಕೆಳಗೆ ಹಾಕಿದ ಲಘು ಗುರುಗಳನ್ನು ನೀವೇ ಎಣಿಸಿ. ಎಷ್ಟೋ ಸಲ ಒಂದು ಸಾಲು 13, ಇನ್ನೊಂದು 15. ಆದರೂ ಕೊನೆಗೆ 'ಒಟ್ಟು 14' ಎಂದು ಧೈರ್ಯವಾಗಿ ಬರೆದಿರುತ್ತದೆ.

ಕಾರಣ ಸರಳ. ನಮ್ಮ ಕಣ್ಣಿಗೆ 'ತೀರ್ಥಹಳ್ಳಿ' ನಾಲ್ಕು ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಅದು 10 ಸಂಕೇತ: ತ, ದೀರ್ಘದ ಗುರುತು, ರ, ವಿರಾಮ, ಥ, ಹೀಗೆ. ಒಂದೊಂದಕ್ಕೆ 3 ಬೈಟಿನಂತೆ 30 ಬೈಟ್. ಎಐ ಇದನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಂಡು ಓದುತ್ತದೆ, ಆ ಕತ್ತರಿ ನಮ್ಮ ಅಕ್ಷರದ ಗಡಿಯಲ್ಲೇ ಬೀಳಬೇಕೆಂದೇನಿಲ್ಲ. ಅಕ್ಷರವನ್ನೇ ಬಿಡಿಯಾಗಿ ಕಾಣದವರು ಮಾತ್ರೆ ಎಣಿಸುವುದು ಹೇಗೆ? ಷಟ್ಪದಿಯೆಂದು ಗೊತ್ತಾದ ಮೇಲೆ ಲೆಕ್ಕವನ್ನು ಅದಕ್ಕೆ ಹೊಂದಿಸಿಬಿಡುತ್ತದೆ. ಉತ್ತರ ನೋಡಿಕೊಂಡು ಹಿಂದಿನಿಂದ ಹಂತ ಬರೆಯುವ ಹುಡುಗರಿದ್ದಾರಲ್ಲ, ಥೇಟ್ ಹಾಗೆ. ಸಂಧಿಯಲ್ಲೂ ಕೆಲವೊಮ್ಮೆ ಇದೇ ಕಥೆ. ಮಳೆ + ಕಾಲ ಮಳೆಗಾಲ ಆಗುವಲ್ಲಿ ಕ ಹೋಗಿ ಗ ಬಂತು, ಆದೇಶ ಸಂಧಿ. ಹೊಸದಾಗಿ ಗ ಬಂತೆಂದು ಆಗಮ ಸಂಧಿ ಮಾಡಿಟ್ಟರೆ ಆಶ್ಚರ್ಯಪಡಬೇಡಿ.

ಛಂದಸ್ಸಿನಲ್ಲಿ ಎಡವಿದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಗಣಿತದಲ್ಲಿ ಅದು ಎಡವುವುದು ಕಡಿಮೆ, ಅಪಾಯವೂ ಅಲ್ಲೇ ಇದೆ. ಎಸ್ಸೆಸ್ಸೆಲ್ಸಿಯ ಸಮಾಂತರ ಶ್ರೇಢಿ ತೆಗೆದುಕೊಳ್ಳಿ. ತೋಟದ ಮೊದಲ ಸಾಲಿನಲ್ಲಿ 12 ಅಡಿಕೆ ಸಸಿ, ಮುಂದಿನ ಪ್ರತಿ ಸಾಲಿಗೂ 3 ಹೆಚ್ಚು, 15ನೇ ಸಾಲಿನಲ್ಲಿ ಎಷ್ಟು? ಉತ್ತರ 54. ತರಗತಿಯಲ್ಲಿ ನಾಲ್ಕಾರು ಮಕ್ಕಳು 57 ಬರೆದಿರುತ್ತಾರೆ, 14 ಸಲ ಕೂಡಿಸಬೇಕಾದ 3ನ್ನು 15 ಸಲ ಕೂಡಿಸಿ. ಎಐ ಮುಂದೆ ಪ್ರಶ್ನೆ ಇಟ್ಟರೆ ಐದು ಹಂತದಲ್ಲಿ 54 ಬರುತ್ತದೆ, ಮಗು ನಕಲು ಮಾಡಿಕೊಳ್ಳುತ್ತದೆ. 57 ಯಾಕೆ ಬಂತು ಅನ್ನುವುದು ಹಾಗೇ ಉಳಿಯುತ್ತದೆ. ನಿಜವಾದ ಪಾಠ ಇರುವುದು ಒಂದೇ ಪ್ರಶ್ನೆಯಲ್ಲಿ: 'ಎರಡನೇ ಸಾಲಿಗೆ ಬರುವಾಗ ಎಷ್ಟು ಸಲ 3 ಕೂಡಿಸಿದೆ?'

ಇದು ಹಳೇ ಕಾಲದ ಮೇಷ್ಟ್ರ ಗೊಣಗಾಟ ಅನ್ನಿಸಿದರೆ ಟರ್ಕಿಯ ಪ್ರಯೋಗ ನೋಡಿ. ಸುಮಾರು 1,000 ಹೈಸ್ಕೂಲು ಮಕ್ಕಳ ಮೇಲೆ, ಗಣಿತದಲ್ಲೇ ನಡೆದದ್ದು. ಸಾದಾ ಚಾಟ್‌ಜಿಪಿಟಿಯಂಥದ್ದನ್ನು ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ 48% ಮುಂದಿದ್ದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಐ ಮುಟ್ಟದೇ ಕಲಿತವರಿಗಿಂತ 17% ಹಿಂದೆ. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ. ಅದಕ್ಕೆ ಸರಿಯುತ್ತರವನ್ನೂ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೂ ಶಿಕ್ಷಕರೇ ಮೊದಲು ತುಂಬಿಸಿದ್ದರು. ಆ ಗುಂಪಿನಲ್ಲಿ ಈ ನಷ್ಟ ಹೆಚ್ಚುಕಡಿಮೆ ಇಲ್ಲವಾಯಿತು.

ಶಿವಮೊಗ್ಗ, ಸಾಗರ, ಹೊಸನಗರದ ಟ್ಯೂಷನ್ ನಡೆಸುವವರು ಇದನ್ನು ನಾಳೆಯೇ ಮಾಡಬಹುದು, ಹೊಸ ಆ್ಯಪ್ ಬೇಡ. ಎಐಗೆ ಮೊದಲು ಪ್ರಶ್ನೆ, ನೀವೇ ಬಿಡಿಸಿದ ಉತ್ತರ, ಹಂತಕ್ಕೆ ಎಷ್ಟು ಅಂಕ ಎನ್ನುವುದು, ನಿಮ್ಮ ಮಕ್ಕಳು ಮಾಡುವ ಮೂರು ನಾಲ್ಕು ತಪ್ಪು, ಇಷ್ಟನ್ನು ಕೊಡಿ. ಆಮೇಲೆ ಕನ್ನಡದಲ್ಲೇ ಬರೆಯಿರಿ: 'ಉತ್ತರ ಹೇಳಬೇಡ. ಮೊದಲು ತಪ್ಪಿದ ಹಂತ ಯಾವುದೆಂದು ಹುಡುಕು. ಆ ಹಂತದ ಬಗ್ಗೆ ಒಂದೇ ಪ್ರಶ್ನೆ ಕೇಳು. ಮಗು ಉತ್ತರಿಸುವವರೆಗೆ ಮುಂದೆ ಹೋಗಬೇಡ.' ನಾಲ್ಕೈದು ಮಾತಾದ ಮೇಲೆ ಅದು ಈ ಷರತ್ತು ಮರೆತು ಉತ್ತರ ಉದುರಿಸುವುದುಂಟು, ಅದಕ್ಕೇ ಪ್ರತಿ ಹೊಸ ಲೆಕ್ಕಕ್ಕೂ ಹೊಸ ಚಾಟ್ ತೆರೆದು ಷರತ್ತನ್ನು ಮತ್ತೆ ಅಂಟಿಸಬೇಕು.

ನೋಟ್‌ಬುಕ್ಕಿನ ಫೋಟೋ ಹಾಕುವುದಾದರೆ ನೇರ ಮೇಲಿನಿಂದ ತೆಗೆಯಿರಿ, ಪುಟದ ಮೇಲೆ ಕೈಯ ನೆರಳು ಬೀಳದಿರಲಿ. 'ನೀನು ಓದಿದ್ದನ್ನು ಮೊದಲು ಟೈಪ್ ಮಾಡಿ ತೋರಿಸು' ಅನ್ನುವುದು ಕಡ್ಡಾಯ. ಮಸುಕಾದ ಋಣ ಚಿಹ್ನೆ ಅದರ ಕಣ್ಣಿಗೆ ಬೀಳದಿದ್ದರೆ, 1 ಅನ್ನು 7 ಎಂದು ಓದಿದರೆ, ಮಗು ಮಾಡದ ತಪ್ಪನ್ನು ಹುಡುಕಿ ಬುದ್ಧಿ ಹೇಳಲು ಕೂತುಬಿಡುತ್ತದೆ.

ಇನ್ನೊಂದು ತಕರಾರು ನಮ್ಮ ಪಠ್ಯಪುಸ್ತಕದ್ದು. ನಿಮ್ನ ದರ್ಪಣದ ಎದುರು 30 ಸೆಂ.ಮೀ. ದೂರದಲ್ಲಿ ವಸ್ತು, ಸಂಗಮದೂರ 10 ಸೆಂ.ಮೀ. ನಮ್ಮ ಹತ್ತನೇ ತರಗತಿಯ ಚಿಹ್ನಾ ನಿಯಮದಲ್ಲಿ ವಸ್ತುದೂರ −30, ಸಂಗಮದೂರ −10, ಪ್ರತಿಬಿಂಬದೂರ −15. ಬೇರೆ ದೇಶದ ಪುಸ್ತಕಗಳಲ್ಲಿ ಸತ್ಯ ಪ್ರತಿಬಿಂಬಕ್ಕೆ ಧನ ಚಿಹ್ನೆ ಕೊಡುವ ಪದ್ಧತಿಯೂ ಇದೆ, ಎಐ ಎರಡನ್ನೂ ಓದಿಕೊಂಡಿದೆ. +15 ಎಂದು ಬಂದರೆ ಭೌತವಿಜ್ಞಾನದಲ್ಲಿ ತಪ್ಪಲ್ಲ, ಅಂಕ ಮಾತ್ರ ಹೋಗುತ್ತದೆ. ಪದಗಳೂ ಹಾಗೆಯೇ: ಪುಸ್ತಕ ದ್ಯುತಿಸಂಶ್ಲೇಷಣೆ, ಪತ್ರಹರಿತ್ತು ಅನ್ನುತ್ತದೆ, ಎಐ ಒಮ್ಮೊಮ್ಮೆ ಹಿಂದಿ ಕಡೆಯಿಂದ ಪರ್ಣಹರಿತ ಎಂದು ತಂದಿಡುತ್ತದೆ. ಆಯಾ ಪಾಠದ ಎರಡು ಪುಟ ಮೊದಲೇ ಕೊಟ್ಟು 'ಇದರಲ್ಲಿರುವ ಪದ, ಇದರಲ್ಲಿರುವ ನಿಯಮವನ್ನೇ ಬಳಸು' ಎಂದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ನಮ್ಮೂರಿನ ಇತಿಹಾಸವನ್ನಂತೂ ಅದರ ಬಾಯಿಂದ ಕೇಳಲೇಬೇಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ 17ನೇ ಶತಮಾನದ ಕೆಳದಿ ಚೆನ್ನಮ್ಮನನ್ನೂ 1824ರಲ್ಲಿ ಕಂಪನಿ ಸೇನೆಯ ವಿರುದ್ಧ ನಿಂತ ಕಿತ್ತೂರು ಚೆನ್ನಮ್ಮನನ್ನೂ ಒಂದೇ ಉತ್ತರದಲ್ಲಿ ಕಲಸಬಲ್ಲ ಮೇಷ್ಟ್ರು ಇದು. ಅಂತರ್ಜಾಲದಲ್ಲಿ ಕೆಳದಿಯ ಬಗ್ಗೆ ಇರುವ ಬರಹವೇ ಕಡಿಮೆ, ಹೆಚ್ಚು ಬರಹ ಇರುವವರ ಕಡೆಗೆ ಅದು ವಾಲುತ್ತದೆ.

ಹಾಗಾದರೆ ಯಾವುದಕ್ಕೆ ಒಳ್ಳೆಯದು? ಅಭ್ಯಾಸದ ಲೆಕ್ಕ ಹುಟ್ಟಿಸುವುದಕ್ಕೆ. 57 ಬರೆದ ಮಗುವಿಗೆ ಅದೇ ತಪ್ಪು ಮತ್ತೆ ಆಗುವಂಥ 10 ಲೆಕ್ಕ ಕೇಳಿ, ಎಲ್ಲವನ್ನೂ ನೀವು ಬಿಡಿಸಿ, ನಾಲ್ಕೋ ಐದೋ ಇಟ್ಟುಕೊಂಡು ಉಳಿದದ್ದು ಎಸೆಯಿರಿ. ಬಿಡಿಸದೆ ಕೊಟ್ಟರೆ 15ನೇ ಪದದ ಬದಲು ಹದಿನಾಲ್ಕೂವರೆಯನೇ ಪದ ಉತ್ತರವಾಗುವ ಲೆಕ್ಕವೂ ನುಸುಳೀತು. ಒಬ್ಬ ಮೇಷ್ಟ್ರು 30 ಮಕ್ಕಳಿಗೆ 30 ಬಗೆಯ ಹಾಳೆ ತಯಾರಿಸುವುದು ಮೊದಲು ಆಗದ ಮಾತಾಗಿತ್ತು, ಈಗ ಆಗುತ್ತದೆ. ನೋಟ್ಸ್ ಜೆರಾಕ್ಸ್ ಮಾಡಿ ಮಾರುವ ಟ್ಯೂಷನ್ನುಗಳಿಗೆ ಮಾತ್ರ ಇನ್ನು ಕಷ್ಟವಿದೆ. ನನಗೇನೂ ಬೇಜಾರಿಲ್ಲ.

ಇನ್ನು ಮಲೆನಾಡಿನದ್ದೇ ತಾಪತ್ರಯ. ಜುಲೈನಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದರೆ ಯಾವ ಎಐಯೂ ಬರುವುದಿಲ್ಲ. ಮನೆಗೊಂದೇ ಸ್ಮಾರ್ಟ್‌ಫೋನು, ಅದು ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ. 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದೆ ನಡೆಯುವ 400 ಕೋಟಿ ಪ್ಯಾರಾಮೀಟರಿನ (ಎಐ ಕಲಿತದ್ದನ್ನು ಹಿಡಿದಿಡುವ ಅಂಕಿಗಳು) ಪುಟ್ಟ ಮಾಡೆಲ್‌ಗಳಿವೆ, ಕುಗ್ಗಿಸಿದರೆ ಸುಮಾರು 3 ಜಿಬಿ. ಅವುಗಳ ಕನ್ನಡ ನಂಬಿ ಮಕ್ಕಳ ಕೈಗೆ ಕೊಡುವಷ್ಟಿಲ್ಲ. ಅದಕ್ಕಿಂತ ಭಾನುವಾರ ಪೇಟೆಯಲ್ಲಿ ಸಿಗ್ನಲ್ ಇರುವಾಗ ವಾರದ ಹಾಳೆಗಳನ್ನು ತಯಾರಿಸಿ, ಪ್ರಿಂಟ್ ತೆಗೆಸಿ, ಮಗುವಿಗೊಂದರಂತೆ ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟು ಕಳಿಸಿ. ಮಳೆ ರಜೆ ಬಂದರೂ ಹಾಳೆ ಮನೆಯಲ್ಲಿರುತ್ತದೆ. ಉತ್ತರದ ಹಾಳೆ ಮಾತ್ರ ನಿಮ್ಮ ಚೀಲದಲ್ಲೇ ಇರಲಿ.