ಗಜ್ಜುಗದ ಬಿಸಿ ಪಾಠದಲ್ಲಿಲ್ಲ

ಆಗಸ್ಟ್ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ತೀರ್ಥಹಳ್ಳಿ ಸೀಮೆಯ ಮಳೆ ಎಂದಿನಂತೆ ಹಿಡಿದುಕೊಂಡಿತ್ತು. ಶಾಲೆಗೆ ಮಳೆ ರಜೆ ಕೊಟ್ಟಿದ್ದರಿಂದ ಮಕ್ಕಳೆಲ್ಲ ಜಗಲಿಯಲ್ಲಿದ್ದರು. ಐದನೆಯ ತರಗತಿಯಲ್ಲಿ ಓದುವ ತಮ್ಮನ ಮಗ ಜಗಲಿಯ ಕಲ್ಲಿಗೆ ಗಜ್ಜುಗವನ್ನು ಗಸಗಸ ಉಜ್ಜಿ, ಮ್ಯೂನಿಕ್‌ನಿಂದ ಬಂದಿದ್ದ ನನ್ನ ಏಳು ವರ್ಷದ ಮಗಳ ತೋಳಿಗೆ ಒತ್ತಿದ. ಅವಳು ಚೀರಿದಳು, ತಮ್ಮ ಒಳಗಿನಿಂದ ಎದ್ದು ಬಂದು ಹುಡುಗನ ಬೆನ್ನಿಗೊಂದು ಕೊಟ್ಟ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಗಳು ಕಣ್ಣೊರೆಸಿಕೊಳ್ಳುತ್ತಲೇ ಆ ಗಜ್ಜುಗವನ್ನು ಕೇಳಿ ಪಡೆದು, ಮೊದಲು ಕಲ್ಲಿಗೆ, ಆಮೇಲೆ ಮರದ ಕಂಬಕ್ಕೆ, ಕೊನೆಗೆ ಮಳೆ ಎರಚಲು ಬಿದ್ದಿದ್ದ ಮೆಟ್ಟಿಲಿಗೆ ಉಜ್ಜಿ, ಪ್ರತಿ ಸಲವೂ ತನ್ನ ಕೆನ್ನೆಗೇ ತಾಗಿಸಿ ನೋಡತೊಡಗಿದಳು. ಒದ್ದೆ ಕಲ್ಲಿಗೆ ಉಜ್ಜಿದರೆ ಬಿಸಿಯೇ ಆಗುವುದಿಲ್ಲವೆಂದು ಅಣ್ಣನಿಗೆ ವರದಿಯನ್ನೂ ಕೊಟ್ಟಳು.

“ಉಜ್ಜಿದರೆ ಯಾಕೋ ಬಿಸಿಯಾಗುತ್ತದೆ?” ಎಂದು ನಾನು ಹುಡುಗನನ್ನು ಕೇಳಿದೆ.

“ಅದು ಪಾಠದಲ್ಲಿಲ್ಲ ದೊಡ್ಡಪ್ಪ,” ಎಂದ. ಪಾಠದಲ್ಲಿ ಏನಿದೆಯೆಂದು ಕೇಳಿದ್ದೇ ತಡ, ಕೈಕಟ್ಟಿ ನಿಂತು, “ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ, ಉಷ್ಣ, ಬೆಳಕು, ಶಬ್ದ ಇವು ಶಕ್ತಿಯ ರೂಪಗಳು,” ಎಂದು ಒಂದೇ ಉಸಿರಿಗೆ ಒಪ್ಪಿಸಿದ.

ಗಜ್ಜುಗಕ್ಕಿಂತ ಆ ಮಾತು ನನಗೆ ಹೆಚ್ಚು ಚುರುಕ್ ಎಂದಿತು. ಮೂವತ್ತು ವರ್ಷಗಳ ಹಿಂದೆ ಅದೇ ಊರಿನಲ್ಲಿ ನಾನೂ ಅದೇ ವಾಕ್ಯವನ್ನು ಅದೇ ಉಸಿರಿನಲ್ಲಿ ಒಪ್ಪಿಸಿದ್ದೆ. ಪಕ್ಕದ ಹುಡುಗನಿಗೆ ಗಜ್ಜುಗ ಒತ್ತಿದ್ದಕ್ಕೆ ಅಂಗೈಗೆ ಬೆತ್ತದ ಏಟನ್ನೂ ತಿಂದಿದ್ದೆ. ಆ ಪಾಠವೂ ಈ ಏಟೂ ಒಂದೇ ಸಂಗತಿಗೆ ಸೇರಿದವೆಂದು ಮೇಷ್ಟ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮಗಳ ಶಾಲೆಯಲ್ಲಿ ‘ಜಾಖುಂಟರಿಷ್ಟ್’ ಎಂಬ ವಿಷಯವಿದೆ. ನಮ್ಮ ಪರಿಸರ ಅಧ್ಯಯನಕ್ಕೆ ಹತ್ತಿರದ್ದು. ಒಂದು ಬೆಳಿಗ್ಗೆ ತಂದೆತಾಯಿಯರನ್ನೂ ತರಗತಿಗೆ ಕರೆದಿದ್ದರು. ಶಿಕ್ಷಕಿ ಒಂದು ಬೋಗುಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಅದರ ಮೇಲೆ ನಾಲ್ಕು ಅಕ್ಕಿಕಾಳು ಹಾಕಿ, ಪಕ್ಕದಲ್ಲಿ ತಗಡಿನ ತಟ್ಟೆಯೊಂದನ್ನು ಹಿಡಿದು ನಿಂತರು. ಬಡಿಯುವ ಮೊದಲು ಅವರು ಕೇಳಿದ್ದು ಇಷ್ಟೇ: “ಏನಾಗಬಹುದು?” ಪ್ರತಿ ಮಗುವೂ ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆಯಬೇಕು, ಬರೆಯಲು ಬಾರದಿದ್ದರೆ ಚಿತ್ರ ಬಿಡಿಸಬೇಕು. ತಟ್ಟೆ ಬಡಿದಾಗ ಕಾಳುಗಳು ಕುಣಿದವು. ಸದ್ದಿಗೆ ಅಕ್ಕಿ ಹೆದರಿಕೊಂಡಿತು ಎಂದು ಒಬ್ಬ ಹುಡುಗ ಹೇಳಿದ. ಶಿಕ್ಷಕಿ ನಗಲಿಲ್ಲ, ಕೆಂಪು ಶಾಯಿಯನ್ನೂ ಮುಟ್ಟಲಿಲ್ಲ. “ಹಾಗಾದರೆ ಮೆಲ್ಲಗೆ ಬಡಿಯೋಣ, ಹೆದರಿಕೆ ಕಡಿಮೆಯಾಗುತ್ತದೆಯೇ ನೋಡೋಣ,” ಎಂದರು. ಕಂಪನ ಎಂಬ ಮಾತು ಮಕ್ಕಳ ಕಿವಿಗೆ ಬಿದ್ದದ್ದು ಮರುವಾರ. ನೋಡುವುದು ಮೊದಲು, ಹೆಸರು ಆಮೇಲೆ. ನಮ್ಮಲ್ಲಿ ಹೆಸರು ಮೊದಲು ಬರುತ್ತದೆ, ಪರೀಕ್ಷೆ ಆಮೇಲೆ. ನೋಡುವ ಸರದಿ ಬರುವುದೇ ಇಲ್ಲ.

ಉಜ್ಜಿದರೆ ಬಿಸಿಯಾಗುವುದೇಕೆ ಎಂಬ ಪ್ರಶ್ನೆಗೂ ನಾವಿರುವ ಆ ಊರಿಗೂ ಹಳೆಯ ನಂಟಿದೆ. ಬವೇರಿಯದ ದೊರೆಯ ಸೇವೆಯಲ್ಲಿದ್ದ ಕೌಂಟ್ ರಮ್‌ಫರ್ಡ್ ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಫಿರಂಗಿ ಕೊರೆಯುವಾಗ ಲೋಹ ಕಾಯುವುದನ್ನು ಗಮನಿಸಿ, ಅದನ್ನು ನೀರಿನಲ್ಲಿ ಮುಳುಗಿಸಿ, ಮೊಂಡು ಬೈರಿಗೆಯನ್ನು ಅದಕ್ಕೆ ಒತ್ತಿ ಹಿಡಿದು, ಆಲೆಮನೆಯಲ್ಲಿ ಕೋಣ ಸುತ್ತುವಂತೆ ಕುದುರೆಗಳ ಬಲದಿಂದ ತಿರುಗಿಸಿದ. ಎರಡೂವರೆ ಗಂಟೆಗೆ, ಬೆಂಕಿಯಿಲ್ಲದೆ, ನೀರು ಕುದಿಯಿತು. ಉಷ್ಣವೆಂಬುದು ವಸ್ತುವಿನೊಳಗೆ ಅಡಗಿದ ಒಂದು ದ್ರವ ಎಂದು ಬಹುಮಂದಿ ನಂಬಿದ್ದ ಕಾಲದಲ್ಲಿ, ಅದು ಚಲನೆಯೇ ಇರಬೇಕೆಂದು 1798ರಲ್ಲಿ ಅವನು ವಾದಿಸಿದ. ಅವನ ಕೈಗೆ ಫಿರಂಗಿ ಸಿಕ್ಕಿತ್ತು, ನಮ್ಮ ಕೈಗೆ ಗಜ್ಜುಗ ಸಿಕ್ಕಿತ್ತು. ಅವನಿಗೆ ಬೆತ್ತದ ಏಟು ಬೀಳಲಿಲ್ಲ ಎಂಬುದೂ ಒಂದು ವ್ಯತ್ಯಾಸ.

ಮಲೆನಾಡಿನ ಮನೆಯಲ್ಲಿ ಇಲ್ಲದ ಉಪಕರಣವಾದರೂ ಯಾವುದು? ಕೊಡಪಾನಕ್ಕೆ ನೀರು ಬಿಟ್ಟು ಬೇರೆ ಕೆಲಸಕ್ಕೆ ಕೈಹಾಕುತ್ತಿದ್ದ ಅಮ್ಮ, ನೀರು ಕಂಠಕ್ಕೆ ಬರುವ ಹೊತ್ತಿಗೆ ಸರಿಯಾಗಿ “ತುಂಬಿತು, ನಲ್ಲಿ ನಿಲ್ಲಿಸು” ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಒಳಗಿನ ಗಾಳಿಯ ಕಂಬ ಗಿಡ್ಡವಾದಂತೆ ಸ್ವರ ಏರುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದೆ. ಓದುವಾಗ ಕೊಡಪಾನದ ನೆನಪೇ ಬರಲಿಲ್ಲ. 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ, ಸೂರ್ಯಗ್ರಹಣವೆಂದು ನಮ್ಮನ್ನೆಲ್ಲ ಒಳಗೆ ಕೂರಿಸಿ ಬಾಗಿಲು ಹಾಕಿದ್ದರು. ದಿನವೂ ಹಂಚಿನ ಸಂದಿಯಿಂದ ಗೋಡೆಯ ಮೇಲೆ ದುಂಡಗೆ ಬೀಳುತ್ತಿದ್ದ ಬಿಸಿಲಿನ ಬಿಲ್ಲೆಗಳು ಆ ದಿನ ಒಂದೊಂದೂ ಕಚ್ಚಿದ ಹಪ್ಪಳದಂತೆ ಕಾಣುತ್ತಿದ್ದವು. ಸಂದಿಯ ಆಕಾರ ಹೇಗೇ ಇರಲಿ, ಗೋಡೆಯ ಮೇಲೆ ಮೂಡುವುದು ಸೂರ್ಯನದೇ ಬಿಂಬ. ನೋಡಬೇಡವೆಂದು ಬಚ್ಚಿಟ್ಟ ಗ್ರಹಣ ನಮ್ಮ ಗೋಡೆಗೇ ಬಂದಿತ್ತು. ನಾನು ಅದನ್ನು ತೋರಿಸಿದಾಗ ಸಿಕ್ಕಿದ ಉತ್ತರ, “ಸುಮ್ಮನೆ ಕೂತು ಮಣಮಣ ಮಂತ್ರ ಹೇಳಿಕೋ.”

ಇಷ್ಟು ಬರೆದ ಮೇಲೆ, ಮನಸ್ಸಿಲ್ಲದಿದ್ದರೂ, ಇನ್ನೊಂದು ಬದಿಯನ್ನೂ ಹೇಳಬೇಕು. ನಮ್ಮ ಮೇಷ್ಟ್ರು ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪ್ರತಿ ಮಗುವಿನ ಊಹೆಯನ್ನು ಕೇಳುತ್ತ ಕೂರಲು ಅವರಿಗೆ ಪುರುಸೊತ್ತು ಎಲ್ಲಿತ್ತು? ಮಾಡಿ ಕಲಿಯುವ ‘ನಲಿ-ಕಲಿ’ ಹುಟ್ಟಿದ್ದೂ ನಮ್ಮ ರಾಜ್ಯದ ಹೆಗ್ಗಡದೇವನಕೋಟೆಯಲ್ಲೇ, 1995ರ ಸುಮಾರಿಗೆ. ನಾನು ದಾಟಿ ಹೋದ ಮೇಲೆ ನಮ್ಮ ಕಡೆಗೂ ಬಂತು. ಇನ್ನು, ಅಕ್ಕಿಕಾಳು ಕುಣಿಯುವುದನ್ನು ಅಷ್ಟು ಚೆನ್ನಾಗಿ ಬರೆದಿಟ್ಟ ನನ್ನ ಮಗಳು, ಹುಟ್ಟುಹಬ್ಬದ ಮೇಣದಬತ್ತಿಯನ್ನು ಬಿಟ್ಟರೆ, ಬೆಂಕಿಯನ್ನು ಹತ್ತಿರದಿಂದ ಕಂಡವಳೇ ಅಲ್ಲ.

ಆ ಸಂಜೆ ಬಚ್ಚಲೊಲೆಗೆ ಸೌದೆ ಒಟ್ಟಿದವನು ಅದೇ ಹುಡುಗ. ಥಂಡಿ ಹಿಡಿದ ಸೌದೆಯ ನಡುವೆ ಒಣ ಅಡಿಕೆ ಸೋಗೆಯನ್ನು ತುರುಕಿ, ಒಂದೇ ಕಡ್ಡಿಗೆ ಉರಿ ಎಬ್ಬಿಸಿದ. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳವನ್ನು ತೆಗೆಯದೆ ಹಂಡೆಯ ಕಡೆಗೆ ಕಿವಿಗೊಟ್ಟು, “ಗುಂಯ್ ಅಂತಿದೆ, ಕಾದಿದೆ, ಇನ್ನು ಉರಿ ಸಾಕು,” ಎಂದು ಸೌದೆಯನ್ನು ಹೊರಗೆಳೆದ. ಮಗಳೂ ಕಿವಿಗೊಟ್ಟಳು. ಯಾಕೆ ಹಾಗೆ ಸದ್ದು ಬರುತ್ತದೆಯೆಂದು ಕೇಳಿದಳು. ಅವನು ನನ್ನ ಮುಖ ನೋಡಿದ, ನನಗೆ ಗೊತ್ತಿರಲಿಲ್ಲ.

ಮ್ಯೂನಿಕ್‌ಗೆ ಮರಳಿದ ಮೇಲೆ ಹುಡುಕಿ ಓದಿ ಫೋನು ಮಾಡಿದೆ. ಹಂಡೆಯ ಸುಡುವ ತಳದಲ್ಲಿ ಹುಟ್ಟುವ ಆವಿಯ ಗುಳ್ಳೆಗಳು ಇನ್ನೂ ಅಷ್ಟು ಕಾಯದ ಮೇಲಿನ ನೀರಿಗೆ ಏರಿದೊಡನೆ ಕುಸಿದುಹೋಗುತ್ತವೆ, ಆ ಕುಸಿತದ ಸದ್ದೇ ಅದು ಎಂದು ವಿವರಿಸಿದೆ. ಹುಡುಗ ಸಮಾಧಾನದಿಂದ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಯಲ್ಲಿ ಕೇಳಿದ: “ಇದು ಪರೀಕ್ಷೆಗೆ ಬರುತ್ತದಾ ದೊಡ್ಡಪ್ಪ?”