ಹೋಮ್ ನರ್ಸ್ ಜೊತೆ ತಕರಾರು: ಬರೆದು ಕೊಡಬೇಕೇ, ಮನೆಯಲ್ಲೇ ಮಾತಾಡಿಕೊಳ್ಳಬೇಕೇ?

ಪರ: ಬರೆದೇ ಕೊಡಿ

ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಲ್ಲಿ ತಕರಾರು ಶುರುವಾಗುವುದು ಸಣ್ಣ ಸಂಗತಿಗಳಿಂದ. ಡೈಪರ್ ಬದಲಿಸಲಿಲ್ಲ, ಮಧ್ಯಾಹ್ನದ ಮಾತ್ರೆ ತಪ್ಪಿತು, ಯಾವಾಗ ನೋಡಿದರೂ ಫೋನು. ಹೋಮ್ ನರ್ಸ್ ಕಡೆಯಿಂದಲೂ ದೂರಿದೆ: ರಾತ್ರಿ ನಿದ್ದೆಯಿಲ್ಲ, ರೋಗಿಗೆಂದು ಕರೆಸಿಕೊಂಡು ಇಡೀ ಮನೆಯ ಪಾತ್ರೆ ತೊಳೆಸುತ್ತಾರೆ. ಇಬ್ಬರೂ ಅವಳನ್ನು ಕಳಿಸಿದ ಏಜೆನ್ಸಿಗೆ ಫೋನ್ ಮಾಡುತ್ತಾರೆ. ಸಿಗುವ ಉತ್ತರ ಒಂದೇ: "ರಿಪ್ಲೇಸ್‌ಮೆಂಟ್ ಕಳಿಸ್ತೀವಿ." ಹಳಬಳು ಇನ್ನೊಂದು ಮನೆ ಸೇರುತ್ತಾಳೆ, ಹೊಸಬಳು ಬ್ಯಾಗ್ ಹಿಡಿದು ಬರುತ್ತಾಳೆ. ನಡೆದದ್ದೇನು ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ. ಬಾಯಿಮಾತಿನ ದೂರು ಏಜೆನ್ಸಿಗೆ ಬಹಳ ಅನುಕೂಲ.

ಬೆನ್ನಹುಣ್ಣನ್ನೇ ತೆಗೆದುಕೊಳ್ಳಿ. ಹೊರಳಲಾಗದ ರೋಗಿಯನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹುಣ್ಣು ಕಂಡ ದಿನ ಮನೆಯವರು "ಅವಳು ಸೋಮಾರಿ" ಎನ್ನುತ್ತಾರೆ. ಅದನ್ನೇ ಬರೆಯಲು ಕೂತರೆ "ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಮಗ್ಗುಲು ಬದಲಾಗಿಲ್ಲ" ಎಂದು ಬರೆಯಬೇಕಾಗುತ್ತದೆ. ಬರೆದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಹಗಲಿಡೀ ದುಡಿದವಳು ರಾತ್ರಿಯೂ 2 ಗಂಟೆಗೊಮ್ಮೆ ಏಳಬೇಕೆಂದರೆ ಮಲಗುವುದು ಯಾವಾಗ? "24 ಗಂಟೆ ಡ್ಯೂಟಿ" ಎಂದು ದರಪಟ್ಟಿಯಲ್ಲಿ ಹಾಕಿದವರು ಅದಕ್ಕೆ ಉತ್ತರಿಸಬೇಕು. ಮಗ್ಗುಲು, ಮಾತ್ರೆ, ಊಟ, ಮೂತ್ರದ ಲೆಕ್ಕಕ್ಕೆ ಹಾಸಿಗೆ ಪಕ್ಕದಲ್ಲೊಂದು ನೂರು ಪುಟದ ನೋಟ್‌ಬುಕ್ ಇಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಾನೂನು ಕೇಳುವುದೂ ಬರಹವನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮನೆಯವರೇ ನೇರವಾಗಿ ಇಟ್ಟುಕೊಂಡವರ ವೈಯಕ್ತಿಕ ಸೇವೆಯ ಕರಾರನ್ನು ಹೊರಗಿಡುತ್ತದೆ. ಆದರೆ ಹಣ ಪಡೆದು ಆಳು ಕಳಿಸುವ ಏಜೆನ್ಸಿಯ ಸೇವೆಯಲ್ಲಿ ಲೋಪವಾದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ರಸೀದಿ, ಕರಾರು, ಮೆಸೇಜು ಕೈಯಲ್ಲಿರಬೇಕಷ್ಟೆ. ಅವಳಿಗೂ ದಾರಿಯಿದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಸ್ಥಳ. ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವ ಹೊಣೆಯೂ ಸಮಿತಿಯದೇ.

ವಿರೋಧ: ಬರೆಯುವವರು ಯಾರು, ಕಳೆದುಕೊಳ್ಳುವವರು ಯಾರು?

ಮೇಲಿನ ವಾದ ಕಾಗದದ ಮೇಲೆ ಚಂದ. ಮನೆಯವರು ಬರೆದರೆ ಏಜೆನ್ಸಿ ಓದುತ್ತದೆ, ಏಕೆಂದರೆ ದುಡ್ಡು ಕೊಡುವವರು ಅವರು. ಅವಳು ಬರೆದರೆ? ಸಂಬಳ ಬರುವುದು ಏಜೆನ್ಸಿ ಕೈಯಿಂದ, ಮುಂದಿನ ಮನೆ ಸಿಗಬೇಕಾದದ್ದೂ ಅಲ್ಲಿಂದಲೇ. ಕಾರ್ಖಾನೆಯ ಕಾರ್ಮಿಕರಂತೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗೋಣವೆಂದರೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಮನೆಗೆಲಸವನ್ನು 'ಕೈಗಾರಿಕೆ'ಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು, ನಿಜ. ಅದನ್ನು ಯಾರದೋ ಮಲಗುವ ಕೋಣೆಗೆ ಬಂದು ತಪಾಸಣೆ ಮಾಡುವವರು ಯಾರು? ಇನ್ನು ಸಂಬಳದ ಮಾತು ಬಂದಾಗ "ನೀನೇನು ನರ್ಸಾ?", ಕೆಲಸದ ಮಾತು ಬಂದಾಗ "ನರ್ಸ್ ಅಲ್ವಾ ನೀನು?" ಎನ್ನುವ ಮನೆಗಳೂ ಇವೆ.

ದೂರುಗಳು ನಿಜಕ್ಕೂ ಎಲ್ಲಿಂದ ಹುಟ್ಟುತ್ತವೆ ಎಂದು ನೋಡಬೇಕು. ಮರೆವಿನ ಕಾಯಿಲೆಯವರು ಉಂಡ ಸ್ವಲ್ಪ ಹೊತ್ತಿಗೇ "ನನಗೆ ಊಟವೇ ಹಾಕಲಿಲ್ಲ" ಎನ್ನುವುದು, ತಾವೇ ಎಲ್ಲೋ ಇಟ್ಟ ಸರ ಕಳುವಾಯಿತೆನ್ನುವುದು ಆ ಕಾಯಿಲೆಯ ಲಕ್ಷಣವೇ. ನ್ಯೂಜೆರ್ಸಿಯಲ್ಲಿರುವ ಮಗ ವಿಡಿಯೊ ಕಾಲ್‌ನಲ್ಲಿ ಇದನ್ನು ಕೇಳಿಸಿಕೊಂಡು ಅಲ್ಲಿಂದಲೇ ಏಜೆನ್ಸಿಗೆ ಮೇಲ್ ಹಾಕುತ್ತಾನೆ. ಅವನ ಕಳವಳ ಸುಳ್ಳಲ್ಲ. ಆದರೆ 'ಕಳ್ಳತನ' ಎಂಬ ಪದ ಒಮ್ಮೆ ಬರಹಕ್ಕಿಳಿದರೆ ಅವಳ ಬೆನ್ನು ಬಿಡುವುದಿಲ್ಲ, ಸರ ದಿಂಬಿನ ಚೀಲದಲ್ಲಿ ಸಿಕ್ಕ ಮೇಲೂ. ಅವಳ ಜಾಗಕ್ಕೆ ಬಂದ ಹೊಸಬಳ ಕೈಯಲ್ಲಿ ಅಮ್ಮ ಸ್ನಾನಕ್ಕೂ ಒಪ್ಪುವುದಿಲ್ಲ, ತುತ್ತಿಗೂ ಬಾಯಿ ತೆರೆಯುವುದಿಲ್ಲ.

ಎಷ್ಟೋ ದೂರುಗಳು ಅವಳ ಮೇಲಿನವೇ ಅಲ್ಲ. ಕಿಡ್ನಿ ತೊಂದರೆಯಿರುವ ಅಪ್ಪನಿಗೆ ಎಳನೀರು ಕೊಡಬೇಡ ಎಂದು ಅಣ್ಣ, ಪಾಪ ಒಂದು ಲೋಟ ಕೊಡು ಎಂದು ತಂಗಿ. ಅವಳು ಯಾರ ಮಾತು ಕೇಳಿದರೂ ಇನ್ನೊಬ್ಬರ ದೂರು ಖಚಿತ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ. ಆಸ್ತಿ ಪಾಲಿನ ಮುನಿಸು ಒಳಗೆ ಹೊಗೆಯಾಡುತ್ತಿದ್ದರಂತೂ ಕೇಳುವುದೇ ಬೇಡ. ಇಲ್ಲಿ ಏಜೆನ್ಸಿಗೆ ಏನು ಬರೆದು ಏನು ಪ್ರಯೋಜನ? ಅವಳಿಗೆ ಹೇಳುವ ಬಾಯಿ ಮನೆಯಲ್ಲಿ ಒಂದೇ ಇರಲಿ. ವಾರಕ್ಕೊಮ್ಮೆ, ರೋಗಿಯ ಕಿವಿಗೆ ಬೀಳದಂತೆ, ಅವಳನ್ನು ಕೂರಿಸಿಕೊಂಡು ಮಾತಾಡಲಿ, ಮೊದಲು ಅವಳ ಮಾತು ಕೇಳಲಿ. ಮೇಲೆ ಹೇಳಿದ ನೋಟ್‌ಬುಕ್ ಇರಲಿ, ನನ್ನದೇನೂ ಅಡ್ಡಿಯಿಲ್ಲ. ಅದರಲ್ಲಿ ಅವಳು ಮಲಗಿದ ಹೊತ್ತಿಗೂ ಒಂದು ಕಾಲಂ ಇರಲಿ.

ಹೊಡೆತ, ಮೈಮುಟ್ಟುವುದು, ಸಂಬಳ ತಡೆಹಿಡಿಯುವುದು ಇವು ನಾಲ್ಕು ಗೋಡೆಯೊಳಗೆ ಮುಗಿಸುವ ಮಾತಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಹಿರಿಯರ ಮೈಮೇಲೆ ಬಾಸುಂಡೆ ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ತುರ್ತಿಗೆ 112 ಇದೆ. ಆ 112 ಅವಳ ಫೋನಿನಿಂದಲೂ ಹೋಗುತ್ತದೆ ಎಂಬುದನ್ನು ಕೆಲಸಕ್ಕೆ ಬಂದ ಮೊದಲ ದಿನವೇ ಮನೆಯವರು ಅವಳಿಗೆ ಹೇಳಬೇಕು.