ಹೋಗುವ ದಾರಿ ಸರಿ, ವಾಪಸ್ ಬರುವ ದಾರಿ?

ನಿನ್ನೆ ಪುತ್ತೂರಿನಲ್ಲಿ ನಾಮಕರಣದ ಊಟ. ಹೋಳಿಗೆಗೆ ತುಪ್ಪ ಬಿದ್ದಿತ್ತು, ಇನ್ನೂ ಮುರಿದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಎಡಗೈಯಲ್ಲಿ ಫೋನ್ ತೆಗೆದ. "ಮಾವ, ನೀವು ನೈಜೀರಿಯಾದ ಲಾಗೋಸ್‌ನಲ್ಲಿ ಇದ್ದವರಲ್ವಾ, ಇದೊಂದು ನೋಡಿ." ಬೆಂಗಳೂರಿನಲ್ಲಿ ದುಡ್ಡಿದ್ದವರ ದುಡ್ಡು ನೋಡಿಕೊಳ್ಳುವ ಕೆಲಸ ಅವನದು. ಫೋನಿನಲ್ಲಿ ಆಫ್ರಿಕಾದ ಷೇರುಗಳಿಗೆ ದುಡ್ಡು ಹಾಕುವ ಯಾವುದೋ ಫಂಡಿನ ಸ್ಲೈಡುಗಳು. ಮೊದಲನೆಯದರಲ್ಲಿ ಜಿರಾಫೆ, ಅದರ ಹಿಂದೆ ಸೂರ್ಯಾಸ್ತ. ಎರಡನೆಯದರಲ್ಲಿ ಜನಸಂಖ್ಯೆ. ಅರ್ಧ ಜನ ಇಪ್ಪತ್ತರ ಒಳಗಿನವರು.

"ಆಫ್ರಿಕಾ ಅಂದ್ರೆ ಇಪ್ಪತ್ತು ವರ್ಷದ ಹಿಂದಿನ ಇಂಡಿಯಾ ಮಾವ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. 54 ದೇಶಗಳನ್ನು ಒಂದೇ ಚೀಲಕ್ಕೆ ತುಂಬಿ ಮೇಲೆ ಜಿರಾಫೆಯ ಸ್ಟಿಕ್ಕರ್ ಅಂಟಿಸಿದ್ದಾರೆ. ಆದರೂ ತಾಳ್ಮೆಯಿಂದ ಒಂದೇ ಪ್ರಶ್ನೆ ಕೇಳಿದೆ. "ದುಡ್ಡು ವಾಪಸ್ ಹೇಗೆ ಬರುತ್ತೆ?"

"ಫಂಡಿನಲ್ಲಿ ನಮ್ಮ ಪಾಲು, ಅಂದ್ರೆ ಯೂನಿಟ್ ಮಾರಿದರೆ ಬರುತ್ತೆ ಮಾವ."

"ಯಾವ ದುಡ್ಡಲ್ಲಿ? ಅಲ್ಲಿಂದ ಡಾಲರ್ ಆಚೆ ಬಿಡದಿದ್ದರೆ?"

ಅವನು ಸ್ಲೈಡ್ ಮುಂದೆ ಸರಿಸಿದ. ಮತ್ತೆ ಜನಸಂಖ್ಯೆ.

ನನ್ನ ಲಾಗೋಸ್ ಕಥೆ ನಿಮಗೆಲ್ಲ ಗೊತ್ತು. 2013ರಿಂದ ನಾಲ್ಕು ವರ್ಷ ಲೆಕ್ಕಪತ್ರದ ಕೆಲಸ. ಜನರೇಟರ್ ಸದ್ದು, ಜೊಲೊಫ್ ಅನ್ನ, ಟ್ರಾಫಿಕ್ಕಿನಲ್ಲಿ ಬೆಳೆದ ಗಡ್ಡ, ಎಲ್ಲ ಬರೆದು ನಿಮ್ಮ ತಲೆ ತಿಂದಿದ್ದೇನೆ. ಒಂದನ್ನು ಮಾತ್ರ ಬರೆದಿರಲಿಲ್ಲ. ನಾಚಿಕೆ, ಅಷ್ಟೇ.

ಸಂಬಳದ ಒಂದು ಪಾಲು ಅಲ್ಲಿನ ದುಡ್ಡು ನೈರಾದಲ್ಲಿ ಬರುತ್ತಿತ್ತು. ಅದನ್ನು ಅಲ್ಲಿನ ಸರ್ಕಾರದ ಟ್ರೆಜರಿ ಬಿಲ್‌ನಲ್ಲಿ ಹಾಕಿದೆ. ಸರ್ಕಾರಕ್ಕೆ ಸ್ವಲ್ಪ ಕಾಲದ ಸಾಲ ಕೊಟ್ಟ ಹಾಗೆ, ಶೇಕಡಾ 13, 14 ಬಡ್ಡಿ. "ಸುಮ್ನೆ ಊರಿಗೆ ಕಳಿಸಿಬಿಡಿ" ಅಂತ ಮನೆಯವಳು ಎಷ್ಟು ಸಲ ಹೇಳಿದಳು. ಊರಿನ ಎಫ್‌ಡಿಗೆ ಇಷ್ಟು ಬಡ್ಡಿ ಯಾರು ಕೊಡ್ತಾರೆ ಅಂತ ಅವಳಿಗೇ ಪಾಠ ಮಾಡಿದೆ. ಆಗ ಡಾಲರಿಗೆ 197 ನೈರಾ. ಅದು ಬ್ಯಾಂಕಿನ ಬೋರ್ಡಿನ ಮೇಲಿನ ದರ. ಆ ದರಕ್ಕೆ ಡಾಲರ್ ಕೇಳಿದರೆ ಬ್ಯಾಂಕಿನಲ್ಲಿ "ಇಲ್ಲ, ನಾಳೆ ಬನ್ನಿ". ರಸ್ತೆ ಬದಿಯಲ್ಲಿ ದುಡ್ಡು ಬದಲಿಸಿಕೊಡುವ ಅಬೋಕಿ ಮಾತ್ರ ಎಷ್ಟು ಬೇಕಾದರೂ ಕೊಡುತ್ತಿದ್ದ. ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಕ್ಯಾಲ್ಕುಲೇಟರ್. ದರ ಬಾಯಲ್ಲಿ ಹೇಳುತ್ತಿರಲಿಲ್ಲ, ಒತ್ತಿ ತೋರಿಸುತ್ತಿದ್ದ. 350ರ ಆಚೆ ಈಚೆ. ಅಬೋಕಿ ಅಂದರೆ ಹೌಸಾ ಭಾಷೆಯಲ್ಲಿ ಗೆಳೆಯ ಅಂತ. ಎಂಥ ಗೆಳೆಯ!

2016ರ ಜೂನ್‌ನಲ್ಲಿ ಸರ್ಕಾರ ದರ ಹಿಡಿದಿಡುವುದನ್ನು ನಿಲ್ಲಿಸಿ ನೈರಾದ ಕೈ ಬಿಟ್ಟಿತು. ಒಂದೇ ದಿನದಲ್ಲಿ 280ಕ್ಕೆ ಬಿತ್ತು. ನನ್ನ ಬಡ್ಡಿ ನೈರಾದಲ್ಲಿ ಬೆಳೆಯುತ್ತಲೇ ಇತ್ತು, ಅದರಲ್ಲಿ ಮೋಸವೇನೂ ಇಲ್ಲ. ಅಸಲೇ ರೂಪಾಯಿಯಲ್ಲಿ ಕರಗಿತು. ಮನೆಯವಳು ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಅದಕ್ಕೇ ಆ ಪ್ರಶ್ನೆ. ಲಾಭ ಎಷ್ಟು ಅನ್ನೋದು ಆಮೇಲೆ. ಬಾಗಿಲು ಎಲ್ಲಿದೆ ಹೇಳಿ.

ನಾನು ಚಿಲ್ಲರೆ ಮನುಷ್ಯ, ಬಿಡಿ. ಎಮಿರೇಟ್ಸ್ ಕೇಳಿದ್ದೀರಲ್ಲ? ನೈಜೀರಿಯಾದಲ್ಲಿ ಟಿಕೆಟ್ ಮಾರಿದ ದುಡ್ಡು ಡಾಲರಾಗಿ ಆಚೆ ಬರಲಿಲ್ಲ ಅಂತ 2022ರಲ್ಲಿ ಅಲ್ಲಿಗೆ ವಿಮಾನವನ್ನೇ ನಿಲ್ಲಿಸಿದರು. ಮತ್ತೆ ಹಾರಿದ್ದು 2024ರ ಅಕ್ಟೋಬರಿಗೆ. ವಿಮಾನ ಕಂಪನಿಗೇ ತನ್ನ ದುಡ್ಡು ಹಾರಿಸಿಕೊಂಡು ಬರಲು ಆಗಲಿಲ್ಲ. ನಮ್ಮ ಹುಡುಗ "ಯೂನಿಟ್ ಮಾರಿದರೆ ಬರುತ್ತೆ" ಅಂತಾನೆ!

2023ರ ಲೆಕ್ಕ ನೋಡಿ. ಆ ವರ್ಷ ಲಾಗೋಸಿನ ಷೇರು ಸೂಚ್ಯಂಕ ಶೇಕಡಾ 45ರಷ್ಟು ಏರಿತು. ಸ್ಲೈಡಿನಲ್ಲಿ ಹಾಕಲು ಹೇಳಿ ಮಾಡಿಸಿದ ಅಂಕಿ. ಅದೇ ವರ್ಷ ಜೂನ್‌ನಲ್ಲಿ ನೈರಾವನ್ನು ಮತ್ತೆ ಬಿಟ್ಟರು. 460ರ ಹತ್ತಿರ ಇದ್ದದ್ದು ವರ್ಷದ ಕೊನೆಗೆ 900 ದಾಟಿತ್ತು. ಡಾಲರಿನಲ್ಲಿ ಲೆಕ್ಕ ಹಾಕಿದರೆ ನೂರಕ್ಕೆ ಇಪ್ಪತ್ತೈದರ ಆಸುಪಾಸು ನಷ್ಟ. ಸೆಪ್ಟೆಂಬರಿನಲ್ಲಿ, ದೇಶ ದೇಶದ ಷೇರುಗಳ ಸೂಚ್ಯಂಕ ತಯಾರಿಸುವ ಎಫ್‌ಟಿಎಸ್‌ಇ ರಸೆಲ್‌ನವರು ನೈಜೀರಿಯಾದ ಷೇರುಗಳನ್ನು ತಮ್ಮ ಸೂಚ್ಯಂಕದಿಂದ ಕಿತ್ತು ಹಾಕಿದರು. ಯಾವ ಬೆಲೆಗೆ ಗೊತ್ತಾ? ಸೊನ್ನೆಗೆ. ಬ್ಯಾಂಕು, ಸಿಮೆಂಟು, ಟೆಲಿಫೋನು, ಎಲ್ಲ ಕಂಪನಿಗಳೂ ನಡೆಯುತ್ತಿದ್ದವು. ಲಾಗೋಸಿನಲ್ಲಿ ದಿನಾ ವ್ಯಾಪಾರವೂ ಆಗುತ್ತಿತ್ತು. ದುಡ್ಡು ಆಚೆ ತರಲು ಆಗುವುದಿಲ್ಲ ಅಂದಮೇಲೆ ಬೆಲೆ ಬರೆದು ಏನು ಪ್ರಯೋಜನ ಅಂತ ಸೊನ್ನೆ ಬರೆದರು.

ಜಿಂಬಾಬ್ವೆಯಲ್ಲಂತೂ 2020ರ ಜೂನ್‌ನಲ್ಲಿ ಸರ್ಕಾರ ಷೇರುಪೇಟೆಗೇ ಬೀಗ ಹಾಕಿತು. ತೆಗೆದದ್ದು ಆಗಸ್ಟಿನಲ್ಲಿ.

ಇದೆಲ್ಲ ಹೇಳಿದ ಮೇಲೆ ಅಕ್ಕನ ಮಗ ಕೇಳಿದ. "ಹಾಗಾದರೆ ರಿಸ್ಕೇ ಬೇಡ್ವಾ ಮಾವ? ಸಫಾರಿಕಾಂ ನೋಡಿ." ಸರಿ, ನೋಡೋಣ. ಕೀನ್ಯಾದ ಮೊಬೈಲ್ ಕಂಪನಿ. ಒಳ್ಳೆ ಕಂಪನಿ, ಒಪ್ಪುತ್ತೇನೆ. ಅವರ ಎಂ-ಪೆಸಾ ಶುರುವಾದದ್ದು 2007ರಲ್ಲಿ. ನಮ್ಮ ಯುಪಿಐ ಬಂದದ್ದು 2016ಕ್ಕೆ. ಕೀನ್ಯಾದವರು ಕೀಪ್ಯಾಡ್ ಫೋನಿನಲ್ಲಿ ದುಡ್ಡು ಕಳಿಸುವಾಗ ನಾವು ಬ್ಯಾಂಕಿನಲ್ಲಿ ಚಲನ್ ತುಂಬುತ್ತಿದ್ದೆವು. 2008ರಲ್ಲಿ 5 ಶಿಲ್ಲಿಂಗಿಗೆ ಕೊಟ್ಟ ಷೇರು 2021ರಲ್ಲಿ 40 ದಾಟಿತು. ಎರಡೇ ವರ್ಷದಲ್ಲಿ 15ರ ಕೆಳಗೆ ಬಂತು. ಆ 5 ಶಿಲ್ಲಿಂಗಿನ ಕಾಲಕ್ಕೆ ಡಾಲರಿಗೆ 60 ಚಿಲ್ಲರೆ ಶಿಲ್ಲಿಂಗು, 2024ರ ಶುರುವಿಗೆ 160. ಆಮೇಲೆ ಸುಧಾರಿಸಿತು ಅನ್ನಿ. ಕಂಪನಿ ಒಳ್ಳೆಯದಿದ್ದರೆ ಸಾಲದು ಅನ್ನೋದೇ ನನ್ನ ತಕರಾರು.

"ತಾಳ್ಮೆ ಬೇಕು ಮಾವ, ಲಾಂಗ್ ಟರ್ಮ್." ಓಹೋ. ತಾಳ್ಮೆ ನಿನಗಿರಬಹುದು, ಫಂಡಿಗೆ ಇರಬೇಕಲ್ಲ? ನ್ಯೂಯಾರ್ಕಿನಲ್ಲಿ ನೈಜೀರಿಯಾಕ್ಕೇ ಅಂತ ಗ್ಲೋಬಲ್ ಎಕ್ಸ್‌ನವರ ಒಂದು ಇಟಿಎಫ್, ಅಂದರೆ ಷೇರಿನ ಹಾಗೆ ಪೇಟೆಯಲ್ಲೇ ಮಾರಾಟವಾಗುವ ಫಂಡು ಇತ್ತು. ಈಜಿಪ್ಟಿಗೆ ಅಂತ ವ್ಯಾನ್‌ಎಕ್‌ನವರದ್ದು ಇತ್ತು. ಎರಡನ್ನೂ 2024ರಲ್ಲಿ ಮುಚ್ಚಿದರು. ನೈರಾ ಡಾಲರಿಗೆ 1500ರ ಹತ್ತಿರ ಬಿದ್ದದ್ದೂ, ಈಜಿಪ್ಟಿನ ಪೌಂಡು 31ರಿಂದ 50ಕ್ಕೆ ಹೋದದ್ದೂ ಅದೇ ವರ್ಷ. ನೆಲ ಕಚ್ಚಿದ ಹೊತ್ತಿಗೆ ಅಂಗಡಿ ಮುಚ್ಚಿ, ಉಳಿದದ್ದನ್ನು ಕೈಗೆ ಕೊಟ್ಟು ಕಳಿಸಿದರು. ಆಮೇಲೆ ಅಲ್ಲಿನ ಪೇಟೆಗಳು ಎದ್ದದ್ದನ್ನು ಆ ತಾಳ್ಮೆಯವರು ಟಿವಿಯಲ್ಲಿ ನೋಡಿರಬೇಕು.

ಹೊರಗೆ ಕಳಿಸುವುದಕ್ಕೆ ಮಾತ್ರ ಏನೂ ಕಷ್ಟವಿಲ್ಲ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ರಿಸರ್ವ್ ಬ್ಯಾಂಕ್ ಬಿಡುತ್ತದೆ. 10 ಲಕ್ಷ ರೂಪಾಯಿ ದಾಟಿದ್ದಕ್ಕೆ ಬ್ಯಾಂಕಿನವರು 20% ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಇದಕ್ಕೆ ಅವನ ಹತ್ತಿರ ಮೂರು ಸ್ಲೈಡು, ಬಾಣದ ಗುರುತುಗಳ ಸಮೇತ. ಎಲ್ಲ ಬಾಣವೂ ಆ ಕಡೆಗೇ.

ಒಂದು ಸ್ಲೈಡ್ ನೋಡಿ ಮಾತ್ರ ನಗು ಬಂತು. ಫಂಡಿನ ದೊಡ್ಡ ಷೇರುಗಳ ಪಟ್ಟಿಯಲ್ಲಿ ದಕ್ಷಿಣ ಆಫ್ರಿಕಾದ ನ್ಯಾಸ್ಪರ್ಸ್. ಪತ್ರಿಕೆ ಮಾಡಿಕೊಂಡಿದ್ದ ಕಂಪನಿ. 2001ರಲ್ಲಿ ಚೀನಾದ, ಈಗ ವಿಡಿಯೋ ಗೇಮಿಗೆ ಹೆಸರಾದ ಟೆನ್ಸೆಂಟ್‌ನಲ್ಲಿ 3.2 ಕೋಟಿ ಡಾಲರ್ ಹಾಕಿತು, ಅದು ಮರವಾಗಿ ಬೆಳೆಯಿತು. ಇವತ್ತು ನ್ಯಾಸ್ಪರ್ಸ್ ಬೆಲೆಯ ಬಹುಪಾಲು ಆ ಮರದ್ದೇ. ಅದರ ಕೈಕೆಳಗಿನ ಪ್ರೋಸಸ್ ಆಂಸ್ಟರ್‌ಡ್ಯಾಂನಲ್ಲಿದೆ, ನಮ್ಮ ಸ್ವಿಗ್ಗಿಗೂ ದೊಡ್ಡ ದುಡ್ಡು ಹಾಕಿದೆ. ಅಂದರೆ ಬೆಂಗಳೂರಿನ ದುಡ್ಡು ಆಫ್ರಿಕಾ ಅಂತ ಹೊರಟು, ಚೀನಾದಲ್ಲಿ ವಿಡಿಯೋ ಗೇಮ್ ಆಡಿ, ಉಳಿದ ಚಿಲ್ಲರೆಯಲ್ಲಿ ಜಯನಗರಕ್ಕೆ ಮಸಾಲೆ ದೋಸೆ ತಂದುಕೊಡುತ್ತದೆ. ಜಿರಾಫೆ ಎಲ್ಲಿ ಬಂತು ಇದರಲ್ಲಿ?

ನಮ್ಮ ಮಂಗಳೂರಿನ ಗೇರುಬೀಜದ ಫ್ಯಾಕ್ಟರಿಯವರನ್ನು ನೋಡಿ. ಐವರಿ ಕೋಸ್ಟ್, ಬೆನಿನ್, ಟಾಂಜಾನಿಯಾದಿಂದ ಹಸಿಬೀಜ ತರಿಸುತ್ತಾರೆ. ಬೀಜ ಕೊಯ್ದು ತಿರುಳು ಎಷ್ಟಿದೆ ನೋಡುತ್ತಾರೆ. ಹಡಗು ಹತ್ತಿತಾ ಕೇಳುತ್ತಾರೆ. ಅವರು ಯಾರೂ ನನಗೆ ಆಫ್ರಿಕಾದ ಜನಸಂಖ್ಯೆ ಹೇಳಿದ್ದಿಲ್ಲ.

ಪರ್ಸಿನಲ್ಲಿ ಇವತ್ತಿಗೂ ಒಂದು ಸಾವಿರ ನೈರಾದ ನೋಟು ಇಟ್ಟುಕೊಂಡಿದ್ದೇನೆ. ನಾನು ಜಂಬದಿಂದ ಬಡ್ಡಿ ಎಣಿಸುತ್ತಿದ್ದಾಗ ಬ್ಯಾಂಕಿನ ಲೆಕ್ಕದಲ್ಲಿ ಅದಕ್ಕೆ ಐದು ಡಾಲರ್. ಈಗ ಒಂದು ಡಾಲರೂ ಹುಟ್ಟುವುದಿಲ್ಲ. ತೆಗೆದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ "ಇದನ್ನು ಇಲ್ಲಿ ಯಾರು ತಗೊಳ್ತಾರೆ ಮಾವ?" ಅಂದ. ನಾನು ಹೋಳಿಗೆ ಮುರಿದೆ. ಅಷ್ಟರಲ್ಲಿ ತಣ್ಣಗಾಗಿತ್ತು.

ರಾತ್ರಿ ವಾಟ್ಸಾಪಿನಲ್ಲಿ ಫಂಡಿನ ಪಿಡಿಎಫ್ ಕಳಿಸಿದ್ದಾನೆ. ದುಡ್ಡು ವಾಪಸ್ ಬರುವ ವಿಷಯ 41ನೇ ಪುಟದಲ್ಲಿ ಇದೆಯಂತೆ, ಕೆಳಗಡೆ. ಇರುವೆ ಸಾಲಿನ ಹಾಗೆ ಏನೋ ಕಾಣಿಸುತ್ತಿದೆ. ಕನ್ನಡಕ ಪುತ್ತೂರಿನಲ್ಲೇ ಬಿಟ್ಟು ಬಂದೆ ಅಂತ ಕಾಣುತ್ತೆ.